ಕೆಂಪು ಜರ್ಸಿ ಬಿಟ್ಟು ವೆಂಬ್ಲಿಗೆ

ಗುರುವಾರ, ಆಗಸ್ಟ್ 7, 2025

ಹೀಥ್ರೂದಿಂದ ತಮ್ಮನ ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಸೂಟ್‌ಕೇಸ್ ತೆರೆದ ಕೂಡಲೇ ಕಂಡಿದ್ದು ನನ್ನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಜರ್ಸಿ. ಸುಕ್ಕಾಗದಿರಲಿ ಅಂತ ಎಲ್ಲದಕ್ಕಿಂತ ಮೇಲೆ ಇಟ್ಟಿದ್ದೆ. ತಮ್ಮ ಅದನ್ನು ಎತ್ತಿಕೊಂಡು ನೋಡಿದ. ಆಮೇಲೆ ನೀಟಾಗಿ ಮಡಚಿ ವಾಪಸ್ ಒಳಗಿಟ್ಟ.

“ಅಣ್ಣ, ಭಾನುವಾರ ವೆಂಬ್ಲಿ ಸ್ಟೇಡಿಯಂಗೆ ಮ್ಯಾಚ್ ನೋಡೋಕೆ ಇದನ್ನ ಹಾಕ್ಕೊಂಡು ಬರೋ ಹಾಗಿಲ್ಲ.”

“ಯಾಕೋ?”

“ಟಿಕೆಟ್ ನನ್ನ ಮೆಂಬರ್‌ಶಿಪ್‌ನಲ್ಲಿ ತಗೊಂಡಿರೋದು. ನಾವು ಕೂರೋದು ಕ್ರಿಸ್ಟಲ್ ಪ್ಯಾಲೇಸ್ ಟೀಮಿನ ಕಡೆ. ಅಲ್ಲಿ ಎದುರು ಟೀಮಿನ ಬಣ್ಣ ಕಂಡರೆ ಸ್ಟುವರ್ಡ್‌ಗಳು ಹೊರಗೆ ಕಳಿಸ್ತಾರೆ. ನೀನು ಗೋಲ್ ಆದಾಗ ಕುಣಿಯೋ ಹಾಗೂ ಇಲ್ಲ.”

ನಾನು ಲಿವರ್‌ಪೂಲ್ ಹಿಂದೆ ಬಿದ್ದದ್ದು 2005ರ ಮೇ 25ರ ರಾತ್ರಿ. ಇಸ್ತಾಂಬುಲ್‌ನಲ್ಲಿ ಮಿಲಾನ್ ಎದುರು ಮೂರು ಗೋಲು ಹಿಂದಿದ್ದವರು ಮೂರನ್ನೂ ವಾಪಸ್ ಹೊಡೆದು, ಪೆನಾಲ್ಟಿಯಲ್ಲಿ ಕಪ್ ಗೆದ್ದ ರಾತ್ರಿ. ಅವತ್ತಿನಿಂದ ಇವತ್ತಿನವರೆಗೆ ನನ್ನದು ಒಂದೇ ಟೀಮು. ತಮ್ಮನಿಗೆ ಅಂಥ ಹುಚ್ಚು ಇರಲಿಲ್ಲ. ಅವನು 2016ರಲ್ಲಿ ಸೌತ್ ನಾರ್ವುಡ್‌ಗೆ ಬಂದ. ಮನೆಯಿಂದ ಸೆಲ್‌ಹರ್ಸ್ಟ್ ಪಾರ್ಕ್ ಸ್ಟೇಡಿಯಂಗೆ ನಡೆದೇ ಹೋಗಬಹುದು. ಶನಿವಾರ ಮಧ್ಯಾಹ್ನ ಮನೆ ಮುಂದೆ ಹೋಗುವ ಜನರ ಜೊತೆ ಒಂದು ದಿನ ಇವನೂ ಹೋದ. ಆಮೇಲೆ ಬಿಡಲೇ ಇಲ್ಲ. ಈಗ ಅವನ ಬಾಯಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಅಂದರೆ “ನಮ್ಮೋರು”.

ಈ ಸಲ ಕಮ್ಯೂನಿಟಿ ಶೀಲ್ಡ್‌ನಲ್ಲಿ ನಮ್ಮಿಬ್ಬರ ಟೀಮುಗಳೇ ಎದುರುಬದುರು. ಇಂಗ್ಲೆಂಡಿನ ದೊಡ್ಡ ಲೀಗಿನ ಸೀಸನ್‌ಗೆ ಮುನ್ನುಡಿ ಈ ಒಂದು ಮ್ಯಾಚ್. ಹಿಂದಿನ ವರ್ಷದ ಲೀಗ್ ಚಾಂಪಿಯನ್ ಒಂದು ಕಡೆ, ಎಫ್‌ಎ ಕಪ್ ಗೆದ್ದವರು ಇನ್ನೊಂದು ಕಡೆ. ಲೀಗ್ ಅಂದರೆ 38 ಮ್ಯಾಚು. ಒಂದು ಸೋತರೆ ಮುಂದಿನ ವಾರ ಸರಿ ಮಾಡಿಕೊಳ್ಳಬಹುದು. ಕಪ್‌ನಲ್ಲಿ ಸೋತ ದಿನವೇ ಮನೆಗೆ. ಎರಡಕ್ಕೂ ಬೇರೆ ಬೇರೆ ಗಟ್ಟಿತನ ಬೇಕು. ಆ ಎರಡನ್ನೂ ಒಂದೇ ಮೈದಾನಕ್ಕೆ ತಂದು ನಿಲ್ಲಿಸುತ್ತಾರೆ ನೋಡಿ, ಅದಕ್ಕೇ ನನಗೆ ಈ ಮ್ಯಾಚ್ ಇಷ್ಟ. ಒಂದೇ ಟೀಮು ಎರಡೂ ಗೆದ್ದರೆ ಲೀಗ್‌ನಲ್ಲಿ ಎರಡನೇ ಸ್ಥಾನ ಬಂದವರನ್ನು ಕರೆಯುತ್ತಾರೆ. ಈ ವರ್ಷ ಆ ಹೊಂದಾಣಿಕೆ ಬೇಕಾಗಲಿಲ್ಲ. ಲಿವರ್‌ಪೂಲ್ 84 ಪಾಯಿಂಟ್ ತಗೊಂಡು ತನ್ನ 20ನೇ ಲೀಗ್ ಗೆದ್ದಿತ್ತು. ಕಪ್‌ನಲ್ಲಿ ಮಾತ್ರ ನಾಲ್ಕನೇ ಸುತ್ತಿನಲ್ಲೇ ಪ್ಲಿಮತ್ ಎದುರು ಸೋತಿತ್ತು. ಪ್ಯಾಲೇಸ್ ಲೀಗ್‌ನಲ್ಲಿ 53 ಪಾಯಿಂಟ್‌ಗೆ 12ನೇ ಸ್ಥಾನ. ಆದರೆ ಕಪ್ ಅವರದ್ದು.

ರಾತ್ರಿ ತಮ್ಮ ನನಗೊಂದು ಶರ್ಟ್ ಕೊಟ್ಟ. ಕಡು ನೀಲಿ, ಯಾವ ಟೀಮಿನದ್ದೂ ಅಲ್ಲ. ಕುರ್ಚಿ ಮೇಲೆ ಹಾಕಿ ಮಲಗಿದೆ.

ಶುಕ್ರವಾರ, ಆಗಸ್ಟ್ 8

ತಮ್ಮ ರಜೆ ಹಾಕಿದ್ದ. “ನಿನಗೆ ಮೊದಲು ಒಂದು ಜಾಗ ತೋರಿಸ್ಬೇಕು” ಅಂದ. ನಾರ್ವುಡ್ ಜಂಕ್ಷನ್ ಹತ್ತಿರ 157ನೇ ನಂಬರ್ ಬಸ್ ಹತ್ತಿದೆವು. 1.75 ಪೌಂಡ್. ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟು ಸಿಕ್ಕಿತು. ಆನರ್ಲಿ ಕಡೆಯ ಏರು ಹತ್ತಿದರೆ ದಿಣ್ಣೆ ಮೇಲೆ ದೊಡ್ಡ ಟಿವಿ ಟವರ್. ಅದರ ಪಕ್ಕದಲ್ಲೇ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕ್.

ಕ್ಲಬ್ಬಿಗೆ ಆ ಹೆಸರು ಬಂದದ್ದು ಇಲ್ಲಿಂದ. 1851ರ ದೊಡ್ಡ ವಸ್ತುಪ್ರದರ್ಶನಕ್ಕೆ ಜೋಸೆಫ್ ಪ್ಯಾಕ್ಸ್‌ಟನ್ ಹೈಡ್ ಪಾರ್ಕ್‌ನಲ್ಲಿ ಗಾಜು ಕಬ್ಬಿಣದ ಅರಮನೆ ಕಟ್ಟಿದ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ತಂದು ಈ ದಿಣ್ಣೆ ಮೇಲೆ ಮತ್ತೆ ಕಟ್ಟಿದರು. 1854ರಲ್ಲಿ ತೆರೆಯಿತು. 1936ರ ನವೆಂಬರ್ 30ರ ರಾತ್ರಿ ಬೆಂಕಿ ಬಿದ್ದು ಸುಟ್ಟೇ ಹೋಯಿತು. ಈಗ ಉಳಿದಿರುವುದು ಕಲ್ಲಿನ ಕಟ್ಟೆ, ಮೆಟ್ಟಿಲು, ಸ್ಫಿಂಕ್ಸ್‌ಗಳು. ಕೆಳಗೆ ಕೆರೆ ಪಕ್ಕ ಆ ಕಾಲದ ಡೈನೋಸಾರ್ ಮೂರ್ತಿಗಳಿವೆ. ನಾವು ಅತ್ತ ಹೋಗಲಿಲ್ಲ. ತಮ್ಮನಿಗೆ ತೋರಿಸಬೇಕಿದ್ದದ್ದು ಅದಲ್ಲ.

ಪಾರ್ಕಿನ ನಡುವೆ ಒಂದು ಅಥ್ಲೆಟಿಕ್ಸ್ ಸ್ಟೇಡಿಯಂ ಇದೆ. ಹಳೆಯದು, ಅಲ್ಲಲ್ಲಿ ಬಣ್ಣ ಹೋಗಿದೆ. ಬೇಲಿ ಆಚೆ ನಿಂತು ಅವನು ಕೈ ತೋರಿಸಿದ.

“1895ರಿಂದ 1914ರ ತನಕ ಎಫ್‌ಎ ಕಪ್ ಫೈನಲ್ ನಡೀತಿದ್ದದ್ದು ಇಲ್ಲಿ. ಇಪ್ಪತ್ತು ಫೈನಲ್, ಅಣ್ಣ.”

ನಾನು ಕಬ್ಬಿಣದ ಬೇಲಿ ಹಿಡಿದು ನೋಡುತ್ತಾ ನಿಂತೆ. ಇಲ್ಲೇ 1901ರಲ್ಲಿ ಟಾಟನ್‌ಹ್ಯಾಮ್ ಮತ್ತು ಶೆಫೀಲ್ಡ್ ಯುನೈಟೆಡ್ ಆಟಕ್ಕೆ 1,10,820 ಜನ ಬಂದಿದ್ದರು. ಲಿವರ್‌ಪೂಲ್ ತನ್ನ ಮೊದಲ ಕಪ್ ಫೈನಲ್ ಆಡಿದ್ದೂ ಇಲ್ಲೇ. 1914ರಲ್ಲಿ, ಐದನೇ ಜಾರ್ಜ್ ರಾಜನ ಎದುರಿಗೆ, ಬರ್ನ್‌ಲಿ ಜೊತೆ ಆಡಿ 1-0ಗೆ ಸೋತಿತ್ತು. ಅಷ್ಟು ದೊಡ್ಡ ಜನ ಸೇರಿದ ಜಾಗ ಇದು ಅಂತ ಈಗ ಹೇಳಿದರೂ ನಂಬುವುದು ಕಷ್ಟ. ಒಬ್ಬ ಹುಡುಗಿ ಒಬ್ಬಳೇ ಟ್ರ್ಯಾಕ್ ಮೇಲೆ ಓಡುತ್ತಿದ್ದಳು. ಅವಳ ಶೂ ಸದ್ದು ಬೇಲಿವರೆಗೂ ಕೇಳುತ್ತಿತ್ತು.

ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ ಹುಟ್ಟಿದ್ದು 1905ರಲ್ಲಿ, ಇದೇ ಮೈದಾನದಲ್ಲಿ. ಯೋಚನೆ ಮಾಡಿ. ಪ್ರತಿ ವರ್ಷ ದೇಶದ ದೊಡ್ಡ ಕಪ್ಪನ್ನು ಯಾರೋ ಬಂದು ಇವರ ಅಂಗಳದಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆ ಜಾಗ ವಶಕ್ಕೆ ತಗೊಂಡಾಗ ಕ್ಲಬ್ ಇಲ್ಲಿಂದ ಹೊರಟಿತು. ಎರಡು ಕಡೆ ಬಾಡಿಗೆಗೆ ಇದ್ದ ಹಾಗೆ ಇದ್ದು, 1924ರಲ್ಲಿ ಸೆಲ್‌ಹರ್ಸ್ಟ್ ಪಾರ್ಕ್ ಸೇರಿತು. ಕಪ್ ಕೈಗೆ ಬರುವ ಹೊತ್ತಿಗೆ 2025 ಆಗಿತ್ತು. 120 ವರ್ಷ. ಅದು ಅವರ ಮೊದಲ ದೊಡ್ಡ ಟ್ರೋಫಿ.

ನಾನು ಪ್ಯಾಲೇಸ್ ಅನ್ನು ಇಷ್ಟು ದಿನ ಫಿಕ್ಸ್ಚರ್ ಪಟ್ಟಿಯ ಒಂದು ಹೆಸರು ಅಂತ ಮಾತ್ರ ನೋಡಿದ್ದೆ. ಆ ಬೇಲಿ ಹತ್ತಿರ ನಿಂತಾಗ ಮೊದಲ ಸಲ ಆ ಹೆಸರಿನ ಭಾರ ಗೊತ್ತಾಯಿತು.

ಶನಿವಾರ, ಆಗಸ್ಟ್ 9

ಬೆಳಿಗ್ಗೆ ಸೆಲ್‌ಹರ್ಸ್ಟ್ ಪಾರ್ಕ್. ಸುತ್ತ ಇಟ್ಟಿಗೆ ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಮನೆಗಳ ಸಾಲು ಮುಗಿದ ಕೂಡಲೇ ಸ್ಟೇಡಿಯಂ ಗೋಡೆ. ವೈಟ್‌ಹಾರ್ಸ್ ಲೇನ್ ಕಡೆ ಸ್ಟ್ಯಾಂಡಿನ ಬೆನ್ನಿಗೇ ಒಂದು ಸೂಪರ್ ಮಾರ್ಕೆಟ್ ಇದೆ. ಹಾಲು, ಬ್ರೆಡ್ ತಗೊಂಡು ಹೋಗುವವರು ಗೋಲ್ ಪೋಸ್ಟಿನ ಹಿಂದೆಯೇ ಓಡಾಡುತ್ತಾರೆ. ಸುಮಾರು 25,000 ಜನ ಹಿಡಿಯುವ ಜಾಗ. ಲಿವರ್‌ಪೂಲಿನ ಆನ್‌ಫೀಲ್ಡ್ ಸ್ಟೇಡಿಯಂ ಮುಂದೆ ಚಿಕ್ಕದು. ಆದರೆ ಇದು ಊರಿನ ಒಳಗೇ ಇದೆ, ಊರಿನದೇ ಅನ್ನುವ ಹಾಗಿದೆ.

ಹೋಮ್ಸ್‌ಡೇಲ್ ರಸ್ತೆಯ ತಿರುವಿನಲ್ಲಿ ತಮ್ಮ ಮೇ 17ರ ಎಫ್‌ಎ ಕಪ್ ಫೈನಲ್ ಕಥೆ ಹೇಳಿದ. ನಾನು ಆ ಫೈನಲ್ ಟಿವಿಯಲ್ಲಿ ನೋಡಿದ್ದೆ. 16ನೇ ನಿಮಿಷಕ್ಕೆ ಪ್ಯಾಲೇಸಿನ ಎಜೆ ಹೊಡೆದ ಗೋಲು, ಮ್ಯಾಂಚೆಸ್ಟರ್ ಸಿಟಿಯ ಮಾರ್ಮೂಶ್ ಒದ್ದ ಪೆನಾಲ್ಟಿಯನ್ನು ಪ್ಯಾಲೇಸ್ ಗೋಲ್‌ಕೀಪರ್ ಹೆಂಡರ್ಸನ್ ತಡೆದದ್ದು, ಸಿಟಿ ಎಷ್ಟೇ ಒತ್ತಿದರೂ 1-0 ಹಾಗೇ ಉಳಿದದ್ದು. ತಮ್ಮ ಅಲ್ಲೇ ಇದ್ದ.

“ಕೊನೇ ಹತ್ತು ನಿಮಿಷ ನಾನು ಮೈದಾನ ನೋಡ್ಲೇ ಇಲ್ಲ. ಮುಂದಿದ್ದವನ ಬೆನ್ನು ನೋಡ್ತಾ ಇದ್ದೆ. ವಿಷಲ್ ಆದಾಗ ಪಕ್ಕದಲ್ಲಿ ಯಾರಿದ್ರೋ ಅವರನ್ನ ತಬ್ಕೊಂಡೆ. ಇವತ್ತಿಗೂ ಅವರ ಹೆಸರು ಗೊತ್ತಿಲ್ಲ.”

2010ರ ಕಥೆಯನ್ನೂ ಹೇಳಿದ. ಅವನು ಬರುವುದಕ್ಕಿಂತ ಮುಂಚಿನದು, ಆದರೆ ಇಲ್ಲಿ ಎಲ್ಲರಿಗೂ ಅದು ಬಾಯಿಪಾಠ. ಕ್ಲಬ್ ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಗೆ ಹೋಗಿತ್ತು. ಕೊನೆಯ ಲೀಗ್ ಮ್ಯಾಚ್‌ನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಎದುರು 2-2 ಮಾಡಿಕೊಂಡು ಕೆಳಗಿನ ಲೀಗಿಗೆ ಬೀಳುವುದು ತಪ್ಪಿಸಿಕೊಂಡರು. ಆಮೇಲೆ ಸ್ಟೀವ್ ಪ್ಯಾರಿಷ್ ಮತ್ತು ಇನ್ನು ಮೂವರು, ಎಲ್ಲರೂ ಪ್ಯಾಲೇಸ್ ಅಭಿಮಾನಿಗಳೇ, ಸೇರಿ ಕ್ಲಬ್ ಕೊಂಡುಕೊಂಡರು. ಅದಾಗಿ ಹದಿನೈದೇ ವರ್ಷಕ್ಕೆ ವೆಂಬ್ಲಿಯಲ್ಲಿ ಕಪ್.

ಸಂಜೆ ಊಟ ಆದ ಮೇಲೆ ನಮ್ಮ ವಾದ ಶುರುವಾಯಿತು. ಶೀಲ್ಡ್ ಅಂದರೆ ಸುಮ್ನೆ ಒಂದು ಪ್ರಾಕ್ಟೀಸ್ ಮ್ಯಾಚ್ ಅಂತ ಹೇಳುವವರು ಜಾಸ್ತಿ. ನಿಜ ಹೇಳಬೇಕಂದರೆ ನಾನೂ ಎಷ್ಟೋ ವರ್ಷ ಹಾಗೇ ಹೇಳಿದ್ದೇನೆ. ಲಿವರ್‌ಪೂಲ್ ಅದನ್ನು 16 ಸಲ ಗೆದ್ದಿದೆ. ಹದಿನೇಳನೆಯದು ಬಂದರೆ ಸಂತೋಷ, ಬರದಿದ್ದರೆ ಮುಂದಿನ ಶುಕ್ರವಾರ ಲೀಗ್ ಇದ್ದೇ ಇದೆ. ತಮ್ಮನಿಗೆ ಸಿಟ್ಟು ಬಂತು. “ನಾವು ಅಲ್ಲಿಗೆ ಕಾಲಿಡ್ತಾ ಇರೋದೇ ಮೊದಲನೇ ಸಲ. ನಿನಗೆ ಹೇಗೆ ಅರ್ಥ ಆಗತ್ತೆ?” ನನಗೆ ಉತ್ತರ ಹೊಳೆಯಲಿಲ್ಲ.

ಅದರ ಚರಿತ್ರೆ ನಿಜಕ್ಕೂ ಚೆನ್ನಾಗಿದೆ. ಶುರುವಾಗಿದ್ದು 1908ರಲ್ಲಿ, ಚಾರಿಟಿ ಶೀಲ್ಡ್ ಅನ್ನುವ ಹೆಸರಲ್ಲಿ. ಆಗ ಆಡಿದ್ದು ಲೀಗ್ ಗೆದ್ದ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಸದರ್ನ್ ಲೀಗ್ ಗೆದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್. ಕೆಲವು ವರ್ಷ ಸಂಬಳಕ್ಕೆ ಆಡುವವರ ಟೀಮು, ಹವ್ಯಾಸಕ್ಕೆ ಆಡುವವರ ಟೀಮು ಅಂತ ಮಾಡಿ ಆಡಿಸಿದ್ದೂ ಉಂಟು. ಲೀಗ್ ಚಾಂಪಿಯನ್ನಿಗೂ ಕಪ್ ಗೆದ್ದವರಿಗೂ ಮೊದಲ ಸಲ ಮ್ಯಾಚ್ ಇಟ್ಟದ್ದು 1921ರಲ್ಲಿ. ಕಪ್ ಗೆದ್ದ ಟಾಟನ್‌ಹ್ಯಾಮ್, ಚಾಂಪಿಯನ್ ಬರ್ನ್‌ಲಿಯನ್ನು 2-0ಗೆ ಸೋಲಿಸಿತು. ಬಹಳ ವರ್ಷ ಡ್ರಾ ಆದರೆ ಶೀಲ್ಡನ್ನು ಇಬ್ಬರೂ ಆರಾರು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಅಣ್ಣತಮ್ಮಂದಿರು ಹಂಚಿಕೊಂಡ ಹಾಗೆ. 1993ರಿಂದ ಅದು ನಿಂತಿತು, ಡ್ರಾ ಆದರೆ ಪೆನಾಲ್ಟಿ. ನನಗಂತೂ ಹಳೆಯ ಪದ್ಧತಿಯೇ ಚಂದ ಅನಿಸುತ್ತದೆ.

ವೆಂಬ್ಲಿಗೆ ಬಂದದ್ದು 1974ರಲ್ಲಿ. ಆ ವರ್ಷ ಚಾಂಪಿಯನ್ ಲೀಡ್ಸ್, ಕಪ್ ಗೆದ್ದವರು ಲಿವರ್‌ಪೂಲ್. ಕೆವಿನ್ ಕೀಗನ್ ಮತ್ತು ಬಿಲ್ಲಿ ಬ್ರೆಮ್ನರ್ ಹೊಡೆದಾಡಿ ಇಬ್ಬರೂ ಹೊರಗೆ ಹೋದರು, ಹೋಗುವಾಗ ಜರ್ಸಿ ಬಿಚ್ಚಿ ನೆಲಕ್ಕೆ ಎಸೆದರು. ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಯಾರು ಹಾಗೆ ಹೊಡೆದಾಡುತ್ತಾರೆ, ಹೇಳಿ. ಇದನ್ನು ತಮ್ಮನೇ ಕೇಳಿದ್ದು.

ಭಾನುವಾರ, ಆಗಸ್ಟ್ 10

ಆಟ ಮಧ್ಯಾಹ್ನ ಮೂರಕ್ಕೆ. ನಾವು ಹನ್ನೊಂದಕ್ಕೇ ಹೊರಟೆವು. ನಾರ್ವುಡ್ ಜಂಕ್ಷನ್ ಪ್ಲಾಟ್‌ಫಾರ್ಮ್ ಪೂರ್ತಿ ಕೆಂಪು ನೀಲಿ ಪಟ್ಟೆ. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಒಂದೇ ಜರ್ಸಿಯಲ್ಲಿ. ಲಂಡನ್ ಬ್ರಿಡ್ಜ್‌ವರೆಗೆ ಟ್ರೈನು, ಅಲ್ಲಿಂದ ಟ್ಯೂಬ್ ಮೆಟ್ರೋದ ಜುಬಿಲಿ ಲೈನ್.

ಟ್ಯೂಬ್‌ನಲ್ಲಿ ನನ್ನ ಪಕ್ಕ ಒಬ್ಬರು ವಯಸ್ಸಾದವರು ಕೂತಿದ್ದರು. ಎಪ್ಪತ್ತೈದರ ಮೇಲಿರಬಹುದು. ಕೊರಳಲ್ಲಿ ಹಳೇ ಉಣ್ಣೆ ಸ್ಕಾರ್ಫ್. ಬಿಸಿಲಿನ ದಿನ, ಆದರೂ ಬಿಚ್ಚಿರಲಿಲ್ಲ. ಒಂದು ತುದಿಯಲ್ಲಿ ಎಳೆ ಬಿಟ್ಟುಹೋಗಿ, ಯಾರೋ ಬೇರೆ ನೀಲಿ ದಾರದಲ್ಲಿ ಹೊಲಿದಿದ್ದರು. ಆ ನೀಲಿ ಸ್ವಲ್ಪ ಗಾಢ, ಹೊಲಿಗೆ ಎದ್ದು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಅವರಿಗೆ ಗೊತ್ತಾಯಿತು. “1990ರದ್ದು” ಅಂದರು. “ಹೊಲಿದವಳು ನನ್ನ ಹೆಂಡತಿ. ಅವಳು ಈಗಿಲ್ಲ.”

1990 ಅಂದರೆ ಪ್ಯಾಲೇಸಿನ ಮೊದಲ ಫೈನಲ್. ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 3-3, ಮತ್ತೆ ಆಡಿ 1-0ಗೆ ಸೋಲು. ಆದರೆ ಅವರು ಮಾತಾಡಿದ್ದು ಅದಕ್ಕಿಂತ ಮೊದಲಿನ ಸೆಮಿಫೈನಲ್ ಬಗ್ಗೆ. ಆ ಸೀಸನ್ನಿನ ಶುರುವಿನಲ್ಲಿ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಇವರಿಗೆ ಒಂಬತ್ತು ಗೋಲು ಹೊಡೆದಿತ್ತು. 9-0. ಏಳು ತಿಂಗಳ ನಂತರ ವಿಲ್ಲಾ ಪಾರ್ಕ್‌ನಲ್ಲಿ ಅದೇ ಲಿವರ್‌ಪೂಲನ್ನು ಎಕ್ಸ್‌ಟ್ರಾ ಟೈಮಿನಲ್ಲಿ 4-3ಕ್ಕೆ ಸೋಲಿಸಿದರು. “ಆ ಒಂಬತ್ತಕ್ಕೂ ಹೋಗಿದ್ದೆ, ಈ ನಾಲ್ಕಕ್ಕೂ ಹೋಗಿದ್ದೆ” ಅಂದರು. 2016ರ ಫೈನಲ್ ಸೋತಾಗಲೂ ಇದೇ ಸ್ಕಾರ್ಫ್. ಮೇ 17ಕ್ಕೂ ಇದೇ.

“ನೀವು ಎಷ್ಟು ವರ್ಷದಿಂದ ಪ್ಯಾಲೇಸ್?” ಅಂತ ನನ್ನನ್ನು ಕೇಳಿದರು.

ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮೆಲ್ಲಗೆ ಹೇಳಿದೆ, ನಾನು ಲಿವರ್‌ಪೂಲ್, ತಮ್ಮನಿಗಾಗಿ ಬಂದಿದ್ದೇನೆ ಅಂತ. ಅವರು ನನ್ನ ಮೊಣಕಾಲ ಮೇಲೆ ಕೈಯಿಟ್ಟರು. “ಆ ಹುಡುಗನದ್ದು ತುಂಬಾ ಬೇಜಾರಾಯ್ತು” ಅಂದರು. ಲಿವರ್‌ಪೂಲ್ ಆಟಗಾರ ಡಿಯೋಗೋ ಜೋಟಾ ಬಗ್ಗೆ.

ಜುಲೈ 3ರಂದು ಸ್ಪೇನಿನಲ್ಲಿ ಕಾರ್ ಅಪಘಾತದಲ್ಲಿ ಜೋಟಾ, ಅವನ ತಮ್ಮ ಆಂದ್ರೆ ಸಿಲ್ವಾ ಇಬ್ಬರೂ ಹೋದರು. ಜೋಟಾಗೆ 28 ವರ್ಷ. ಅಣ್ಣತಮ್ಮ ಇಬ್ಬರೂ ಒಟ್ಟಿಗೆ. ಆ ಸುದ್ದಿ ಓದಿದ ದಿನ ನಾನು ತಮ್ಮನಿಗೆ ಫೋನ್ ಮಾಡಿದ್ದೆ, ಮಾತಾಡಲು ಏನೂ ಇರಲಿಲ್ಲ, ಆದರೂ ಮಾಡಿದ್ದೆ. ಲಿವರ್‌ಪೂಲ್ ಅವನ 20ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ವೆಂಬ್ಲಿ ಪಾರ್ಕ್ ಸ್ಟೇಷನ್ನಿನಿಂದ ಹೊರಗೆ ಬಂದರೆ ನೇರ ದಾರಿ, ಅದರ ತುದಿಗೆ ಸ್ಟೇಡಿಯಂ, ಮೇಲೆ ಆ ದೊಡ್ಡ ಬಿಳಿ ಕಮಾನು. 133 ಮೀಟರ್ ಎತ್ತರ. ಫೋಟೋದಲ್ಲಿ ಎಷ್ಟು ಸಲ ನೋಡಿದ್ದೆನೋ. ಎದುರಿಗೆ ನಿಂತಾಗ ಕತ್ತೆತ್ತಿದವನು ಹಾಗೇ ನಿಂತುಬಿಟ್ಟೆ, ಹಿಂದಿನವರು ಡಿಕ್ಕಿ ಹೊಡೆದರು. ದಾರಿಯಲ್ಲಿ ಎರಡೂ ಬಣ್ಣದವರು ಬೆರೆತೇ ನಡೆಯುತ್ತಿದ್ದರು. ಅರ್ಧ ಇವರ ಬಣ್ಣ ಅರ್ಧ ಅವರ ಬಣ್ಣದ ಸ್ಕಾರ್ಫ್ ಮಾರುತ್ತಿದ್ದರು. ಒಂದು ತಗೊಳ್ಳಲಾ ಅಂದೆ. “ಬೇಡ ಅಣ್ಣ, ನಿಜವಾದ ಅಭಿಮಾನಿಗಳು ಯಾರೂ ಅದನ್ನ ಹಾಕಲ್ಲ” ಅಂದ ತಮ್ಮ. ಬಾಬಿ ಮೂರ್ ಪ್ರತಿಮೆ ಹತ್ತಿರ ಕೆಂಪು ಜರ್ಸಿಯವರೆಲ್ಲ ಒಂದು ಕಡೆ ತಿರುಗಿದರು. ನಾನು ತಮ್ಮನ ಹಿಂದೆ ಇನ್ನೊಂದು ಕಡೆ ನಡೆದೆ. ಆ ನಾಲ್ಕು ಹೆಜ್ಜೆ ನನಗೆ ಕಷ್ಟವಾಯಿತು.

ಟಿಕೆಟ್ ಫೋನಿನಲ್ಲೇ. ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿದ್ದರೆ ಒಳಗೆ ಬಿಡುವುದಿಲ್ಲ. ಬಿಯರ್ ಸಿಗುತ್ತದೆ, ಆದರೆ ಮೈದಾನ ಕಾಣುವ ಜಾಗಕ್ಕೆ ತಗೊಂಡು ಹೋಗುವಂತಿಲ್ಲ, 1985ರ ಕಾನೂನು. ಹಾಗಾಗಿ ಎಲ್ಲರೂ ಹಿಂದಿನ ಹಜಾರದಲ್ಲೇ ನಿಂತು ಕುಡಿದು, ಹಾಡಿ, ಕೊನೆಯ ಐದು ನಿಮಿಷದಲ್ಲಿ ಒಟ್ಟಿಗೆ ಒಳಗೆ ನುಗ್ಗಿದರು. 82,645 ಜನ ಅವತ್ತು.

ಆಟಕ್ಕೆ ಮುಂಚೆ ಜೋಟಾ ಮತ್ತು ಅವನ ತಮ್ಮನ ನೆನಪಿಗೆ ಹೂವಿನ ಗುಚ್ಛ ಇಟ್ಟರು, ಎರಡೂ ಟೀಮು ನಿಂತವು. ಮೌನಕ್ಕೆ ವಿಷಲ್ ಆಯಿತು. ಆದರೆ ಮೌನ ಪೂರ್ತಿ ಆಗಲಿಲ್ಲ. ಎಲ್ಲೋ ಕೆಲವರ ಕೂಗು, ಅವರನ್ನು ಸುಮ್ಮನಿರಿಸಲು ಇನ್ನಷ್ಟು ಜನರ ಕೂಗು. ನಿಮಿಷ ತುಂಬುವ ಮೊದಲೇ ರೆಫರಿ ನಿಲ್ಲಿಸಿಬಿಟ್ಟರು. ನನ್ನ ಸುತ್ತ ಇದ್ದವರು ತಲೆ ಬಗ್ಗಿಸಿ ನಿಂತೇ ಇದ್ದರು. ಹಿಂದಿನ ಸಾಲಿನ ಹೆಂಗಸೊಬ್ಬರು “ನಾಚಿಕೆ ಆಗ್ಬೇಕು” ಅಂತ ಜೋರಾಗಿ ಹೇಳಿದರು. ನನಗೆ ಗಂಟಲು ಕಟ್ಟಿತ್ತು. ಆ ಹೊತ್ತಿಗೆ ನಾನು ಎದುರು ಸ್ಟ್ಯಾಂಡಿನಲ್ಲಿ, ಕೆಂಪಿನ ನಡುವೆ ಇರಬೇಕಿತ್ತು. ತಮ್ಮ ನನ್ನ ಹೆಗಲು ಹಿಡಿದುಕೊಂಡ, ಏನೂ ಮಾತಾಡಲಿಲ್ಲ.

ನಾಲ್ಕೇ ನಿಮಿಷಕ್ಕೆ ಲಿವರ್‌ಪೂಲ್ ಗೋಲು. ಹೊಸಬ ಎಕಿಟಿಕೆ, ಇನ್ನೊಬ್ಬ ಹೊಸಬ ವಿರ್ಟ್ಸ್ ಕೊಟ್ಟ ಬಾಲನ್ನು ಕೆಳಗೆ ಮೂಲೆಗೆ ಹೊಡೆದ. ಈ ವಿರ್ಟ್ಸ್‌ಗೆ ಲಿವರ್‌ಪೂಲ್ ಒಪ್ಪಿಕೊಂಡ ಬೆಲೆ 116 ಮಿಲಿಯನ್ ಪೌಂಡ್ ತನಕ ಹೋಗಬಹುದು. ನಾನು ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂತೆ. 17ನೇ ನಿಮಿಷಕ್ಕೆ ಲಿವರ್‌ಪೂಲಿನ ವ್ಯಾನ್ ಡೈಕ್ ಕಾಲಿಗೆ ಸಿಕ್ಕಿ ಪ್ಯಾಲೇಸಿನ ಇಸ್ಮೈಲಾ ಸಾರ್ ಬಿದ್ದ, ಪೆನಾಲ್ಟಿ. ಮಟೇಟಾ ಒಳಗೆ ಹಾಕಿದ. 1-1. ನನ್ನ ಸುತ್ತ ಭೂಮಿ ನಡುಗಿತು.

20ನೇ ನಿಮಿಷ, ಜೋಟಾನ ನಂಬರ್. ಎದುರಿನಿಂದ ಜೋಟಾ ಹಾಡು ಎದ್ದಿತು. ಸ್ಟೇಡಿಯಂ ಅಡ್ಡಕ್ಕೂ ಹಾದು ಬಂತು. ನಾನು ತುಟಿ ಅಲ್ಲಾಡಿಸದೆ ಒಳಗೇ ಹಾಡಿದೆ. ಹಾಡು ಇನ್ನೂ ನಡೆಯುತ್ತಿರುವಾಗಲೇ ಲಿವರ್‌ಪೂಲಿನ ಫ್ರಿಂಪಾಂಗ್ ಬಲಗಡೆಯಿಂದ ನುಗ್ಗಿ ಬಾಲನ್ನು ಹೆಂಡರ್ಸನ್ ತಲೆ ಮೇಲಿಂದ ಎತ್ತಿ ಹಾಕಿದ. ಅದು ದೂರದ ಕಂಬಕ್ಕೆ ಬಡಿದು ಒಳಗೆ ಹೋಯಿತು. 2-1. ಆ ಗಳಿಗೆಯಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಟ್ಯೂಬ್‌ನಲ್ಲಿ ಸಿಕ್ಕ ಹಿರಿಯರಿಗೂ ನಮಗಿಂತ ಮೂರು ಸಾಲು ಮುಂದೆ ಸೀಟು. ಅವರು ಒಂದು ಸಲ ಹಿಂದೆ ತಿರುಗಿ ನನ್ನನ್ನು ಹುಡುಕಿದರು, ತಲೆಯಾಡಿಸಿದರು.

ಎರಡನೇ ಅರ್ಧದಲ್ಲಿ ಪ್ಯಾಲೇಸ್ ಹೆದರಲೇ ಇಲ್ಲ. ಓಡಿ ಓಡಿ ಲಿವರ್‌ಪೂಲಿನ ಹಿಂದಿನ ಖಾಲಿ ಜಾಗ ಹುಡುಕುತ್ತಿದ್ದರು. ಕೋಚ್ ಗ್ಲಾಸ್ನರ್ ಆಡಿಸುತ್ತಿದ್ದ ಆಟವೇ ಹಾಗಿತ್ತು, ತಾಳ್ಮೆಯಿಂದ ಕಾದು ಒಂದೇ ಸಲಕ್ಕೆ ನುಗ್ಗುವುದು. 77ನೇ ನಿಮಿಷಕ್ಕೆ ವಾರ್ಟನ್ ಒಂದು ಪಾಸ್ ಕೊಟ್ಟ ನೋಡಿ. ಇಬ್ಬರ ನಡುವೆ ದಾರಿ ಇದೆ ಅಂತ ಅವನಿಗೊಬ್ಬನಿಗೇ ಕಂಡದ್ದು. ಸಾರ್ ಓಡಿ ಹಿಡಿದ, ಗೋಲು. 2-2. ತಮ್ಮ ನನ್ನನ್ನು ಎತ್ತಿಯೇಬಿಟ್ಟ. ನಾನು ಬೇಡ ಅನ್ನಲಿಲ್ಲ.

ಈ ಮ್ಯಾಚ್‌ಗೆ ಎಕ್ಸ್‌ಟ್ರಾ ಟೈಮ್ ಇಲ್ಲ. 90 ನಿಮಿಷ ಆದ ಮೇಲೆ ನೇರ ಪೆನಾಲ್ಟಿ. ನನ್ನ ಇಪ್ಪತ್ತು ವರ್ಷದ ಲಿವರ್‌ಪೂಲ್ ಪ್ರೀತಿ ಶುರುವಾಗಿದ್ದೇ ಪೆನಾಲ್ಟಿಯಿಂದ. ಹಾಗಾಗಿ ಹೆದರಿಕೆ ಇರಲಿಲ್ಲ.

ಮೊದಲು ಲಿವರ್‌ಪೂಲಿನ ಸಲಾ. ಬಾಲ್ ಬಾರ್ ಮೇಲೆ ಹೋಯಿತು. ಸಲಾ! ನಂಬಲಾಗಲಿಲ್ಲ. ಮಟೇಟಾ ಹಾಕಿದ. ಮ್ಯಾಕ್ ಅಲಿಸ್ಟರ್ ಒದ್ದದ್ದನ್ನು ಹೆಂಡರ್ಸನ್ ತಡೆದ. ಎಜೆ ಒದ್ದದ್ದನ್ನು ಲಿವರ್‌ಪೂಲ್ ಗೋಲ್‌ಕೀಪರ್ ಅಲಿಸನ್ ತಡೆದ. ಗಾಕ್‌ಪೋ ಒಳಗೆ. ಸಾರ್ ಒಳಗೆ. ಹಾರ್ವಿ ಎಲಿಯಟ್ ಒದ್ದದ್ದು ಮತ್ತೆ ಹೆಂಡರ್ಸನ್ ಕೈಗೆ. ಈಗ ಪ್ಯಾಲೇಸಿನ ಸೋಸಾ ಹಾಕಿದರೆ ಮುಗಿಯಿತು. ಬಾಲ್ ಬಾರಿಗೆ ಬಡಿಯಿತು. ಆ ಠಣ್ ಅನ್ನುವ ಸದ್ದು ಅಷ್ಟು ಜನರ ಮಧ್ಯೆಯೂ ಕೇಳಿದ ಹಾಗಾಯಿತು. ಸೊಬೋಸ್ಲಾಯ್ ಹಾಕಿದ, 2-2. ಉಳಿದದ್ದು ಪ್ಯಾಲೇಸಿನ ಒಂದೇ ಒಂದು.

ಜಸ್ಟಿನ್ ಡೆವೆನಿ ನಡೆದು ಬಂದ. 21 ವರ್ಷ. ಎರಡು ವರ್ಷದ ಹಿಂದೆ ಸ್ಕಾಟ್ಲೆಂಡಿನ ಏರ್ಡ್ರಿ ಅನ್ನುವ ಚಿಕ್ಕ ಕ್ಲಬ್ಬಿನಿಂದ ಬಂದ ಹುಡುಗ. ಪಕ್ಕದಲ್ಲಿ ತಮ್ಮ ಮತ್ತೆ ಮುಂದಿನವನ ಬೆನ್ನು ನೋಡುತ್ತಿದ್ದ. ನಾನು ಅವನ ಗಲ್ಲ ಹಿಡಿದು ಮುಖ ಎತ್ತಿದೆ. “ನೋಡೋ, ಈ ಸಲ ನೋಡು.” ಯಾಕೆ ಹಾಗೆ ಮಾಡಿದೆನೋ. ಆ ಬಾಲ್ ಹೊರಗೆ ಹೋಗಲಿ ಅಂತ ನಾನು ಬಯಸಬೇಕಿತ್ತು. ಬಯಸಲಿಲ್ಲ. ಮೂರು ಸಾಲು ಮುಂದೆ ಆ ಹಿರಿಯರು ಸ್ಕಾರ್ಫಿನ ಎರಡೂ ತುದಿ ಹಿಡಿದು ನಿಂತಿದ್ದರು, ಹೊಲಿಗೆ ಹಾಕಿದ ತುದಿ ಬಾಯಿಗೆ ಒತ್ತಿಕೊಂಡು.

ಡೆವೆನಿ ಒದ್ದ. ಒಳಗೆ.

ತಮ್ಮ ನೋಡಿದ. ಪೂರ್ತಿ ನೋಡಿದ. ಆಮೇಲೆ ನನ್ನನ್ನು ತಬ್ಬಿಕೊಂಡು ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೇ ಅತ್ತ. ಕ್ಯಾಪ್ಟನ್ ಗೇಹಿ ಶೀಲ್ಡ್ ಎತ್ತಿದಾಗ ಸ್ಟ್ಯಾಂಡಿನಲ್ಲಿ ಕೂತವರು ಒಬ್ಬರೂ ಇರಲಿಲ್ಲ. ಎದುರಿನ ಕೆಂಪು ಕಡೆ ಅರ್ಧ ಖಾಲಿಯಾಗಿತ್ತು. ಅವರಿಗೆ ಶುಕ್ರವಾರ ಲೀಗ್ ಇದೆ. ಇಲ್ಲಿ ಯಾರಿಗೂ ಹೊರಡುವ ಆತುರ ಇರಲಿಲ್ಲ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು “ಅಲ್ಲಿ ನೋಡು, ಅಲ್ಲಿ” ಅಂತ ತೋರಿಸುತ್ತಿದ್ದರು.

ಈ ಮ್ಯಾಚಿನ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ವಾಪಸ್ ಬರುವಾಗ ತಮ್ಮ ಹೇಳಿದ. ಎಫ್‌ಎ ಕಪ್ ಮೊದಲನೇ ಸುತ್ತಿನಿಂದ ಆಡಿದ 124 ಕ್ಲಬ್ಬುಗಳಿಗೂ ಪಾಲು ಕೊಡುತ್ತಾರೆ, ಅವರು ತಮ್ಮ ಊರಿನ ಒಳ್ಳೆಯ ಕೆಲಸಕ್ಕೆ ಕೊಡುತ್ತಾರೆ. ಶೀಲ್ಡ್ ಹೆಸರಿನಲ್ಲಿ ಕಮ್ಯೂನಿಟಿ ಅಂತ ಇರುವುದು ಅದಕ್ಕೇ. ನನಗೆ ಇದು ಗೊತ್ತಿರಲಿಲ್ಲ.

ಸೋಮವಾರ, ಆಗಸ್ಟ್ 11

ನನ್ನ ವಿಮಾನ ರಾತ್ರಿಗೆ. ಬೆಳಿಗ್ಗೆ ಎದ್ದು ಕೆಂಪು ಜರ್ಸಿ ಹಾಕಿಕೊಂಡೆ. ತಮ್ಮ ಪಟ್ಟೆ ಜರ್ಸಿಯಲ್ಲೇ ಮಲಗಿ ಎದ್ದಿದ್ದ. ಇಬ್ಬರೂ ಹಾಗೇ ಪೇಪರ್ ತರಲು ಹೋದೆವು.

ಮಧ್ಯಾಹ್ನ ಸೂಟ್‌ಕೇಸ್ ಜಿಪ್ ಹಾಕುತ್ತಿರುವಾಗ ಅವನ ಫೋನು ಬಡಿದುಕೊಂಡಿತು. ಕ್ರೀಡಾ ನ್ಯಾಯಮಂಡಳಿಯ ತೀರ್ಪು ಬಂದಿತ್ತು. ಎಫ್‌ಎ ಕಪ್ ಗೆದ್ದವರಿಗೆ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಜಾಗ ಸಿಗಬೇಕು. ಆದರೆ ಪ್ಯಾಲೇಸಿನಲ್ಲೂ ಫ್ರಾನ್ಸಿನ ಲಿಯಾನ್ ಕ್ಲಬ್ಬಿನಲ್ಲೂ ಜಾನ್ ಟೆಕ್ಸ್‌ಟರ್ ಅನ್ನುವ ಉದ್ಯಮಿಯ ಪಾಲು ಇತ್ತು. ಒಬ್ಬನ ಹಿಡಿತದ ಎರಡು ಕ್ಲಬ್ ಒಂದೇ ಟೂರ್ನಿ ಆಡುವಂತಿಲ್ಲ ಅನ್ನುವುದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಿಯಮ. ಅದನ್ನು ಸರಿಪಡಿಸಲು ಮಾರ್ಚ್ 1 ಕೊನೆಯ ದಿನವಾಗಿತ್ತು. ಟೆಕ್ಸ್‌ಟರ್ ಪ್ಯಾಲೇಸಿನ ಪಾಲು ಮಾರಿದ್ದು ಅದಾದ ಮೇಲೆ. ಮೇಲ್ಮನವಿ ವಜಾ. ಪ್ಯಾಲೇಸ್ ಕೆಳಗಿನ ಕಾನ್ಫರೆನ್ಸ್ ಲೀಗಿಗೆ, ಯುರೋಪಾ ಜಾಗ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ. ಮೈದಾನದಲ್ಲಿ ಗೆದ್ದದ್ದು ಕಾಗದದಲ್ಲಿ ಹೋಯಿತು. ನಿಯಮ ನಿಯಮವೇ ಇರಬಹುದು. ಆದರೂ ಆ ಆಟಗಾರರದ್ದು, ಆ ಪ್ಲಾಟ್‌ಫಾರ್ಮ್ ತುಂಬಾ ನಿಂತಿದ್ದ ಜನರದ್ದು ಅದರಲ್ಲಿ ಏನು ತಪ್ಪಿತ್ತು? ನನಗೆ ನನ್ನ ಟೀಮಿಗೇ ಆದ ಹಾಗೆ ಸಂಕಟವಾಯಿತು.

ತಮ್ಮ ಹಾಸಿಗೆ ತುದಿಯಲ್ಲಿ ಕೂತು ಫೋನನ್ನು ಎರಡು ಸಲ ಓದಿದ. ನಾನು ಕಾದೆ. ಆಮೇಲೆ ಕ್ಯಾಲೆಂಡರ್ ತೆಗೆದ.

“21ನೇ ತಾರೀಕು ಗುರುವಾರ. ನಾರ್ವೆಯ ಫ್ರೆಡ್ರಿಕ್‌ಸ್ಟಾಡ್ ಇಲ್ಲಾ ಡೆನ್ಮಾರ್ಕಿನ ಮಿಡ್ಟ್‌ಯುಲಾಂಡ್, ಯಾರು ಅಂತ ಇನ್ನೂ ಗೊತ್ತಾಗ್ಬೇಕು. ಸೆಲ್‌ಹರ್ಸ್ಟ್‌ನಲ್ಲೇ ಅಣ್ಣ, ನಮ್ಮನೇ ಹತ್ರ.”

“ಟಿಕೆಟ್ ಸಿಗತ್ತಾ?”

“ಈಗ್ಲೇ ನೋಡ್ತೀನಿ ಇರು” ಅಂದ. ನಾನು ಸೂಟ್‌ಕೇಸ್ ಬಾಗಿಲ ಹತ್ತಿರ ತಂದಿಟ್ಟು ಅವನ ಪಕ್ಕ ಕೂತೆ.